ಸೈಬರ್ ಭದ್ರತೆಯನ್ನು ನಾನು ಕಲಿತ ಬಗೆ



ಮೂರು ವರ್ಷಗಳ ಹಿಂದೆ ನಾನೂ ನಿಮ್ಮಂತೆ ಇದೇ ಕಾಲೇಜಿನ ಬೆಂಚಿನ ಮೇಲೆ ಕುಳಿತಿದ್ದೆ. ಈಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ, ವಿಷಯ ಸೈಬರ್ ಭದ್ರತೆ. ರಜೆಗೆ ಊರಿಗೆ ಬಂದಾಗಲೆಲ್ಲ ಕಾಲೇಜಿನ ಕಿರಿಯರು ಕೇಳುವ ಪ್ರಶ್ನೆ ಒಂದೇ: "ಸೈಬರ್ ಸೆಕ್ಯುರಿಟಿ ಅಂದ್ರೆ ಹ್ಯಾಕಿಂಗ್ ಕಲಿಸ್ತಾರಾ? ಇನ್‌ಸ್ಟಾಗ್ರಾಂ ಅಕೌಂಟ್ ಓಪನ್ ಮಾಡೋಕೆ ಬರುತ್ತಾ?" ಅದಕ್ಕೆ ನಿಂತಲ್ಲೇ ಉತ್ತರ ಹೇಳುವುದು ಕಷ್ಟ. ವಾರ್ತಾಪತ್ರದ ಸಂಪಾದಕ ಮಂಡಳಿಯವರು ಬರೆಯಲು ಕೇಳಿದ್ದರಿಂದ, ಈ ವಿದ್ಯೆಯಲ್ಲಿ ಏನಿದೆ, ಅದನ್ನು ಉಪನ್ಯಾಸ, ಸ್ಪರ್ಧೆ ಮತ್ತು ರಕ್ಷಣಾ ಅಭ್ಯಾಸಗಳ ಮೂಲಕ ಹೇಗೆ ಕಲಿಯುತ್ತೇವೆ ಎಂಬುದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಆದರೆ ಶುರು ಮಾಡಬೇಕಾದದ್ದು ನಮ್ಮ ಮನೆಯಿಂದ.

ಅಬ್ಬಾ ಮೂರು ದಿನ ಮಾತಾಡಲಿಲ್ಲ

ನಮ್ಮದು ಕೋಲಾರ ತಾಲೂಕಿನ ಕ್ಯಾಲನೂರು. ಅಬ್ಬಾ ಟೊಮೆಟೊ ಬೆಳೆಯುತ್ತಾರೆ. ನಾನು ದ್ವಿತೀಯ ಪಿಯುಸಿಯಲ್ಲಿದ್ದ ವರ್ಷ ಬೆಲೆ ಸ್ವಲ್ಪ ಚೆನ್ನಾಗಿತ್ತು. ಕೋಲಾರದ ಮಾರುಕಟ್ಟೆಯಲ್ಲಿ ಮಾಲು ಮಾರಿದ ಹಣ ಖಾತೆಗೆ ಬಂದಿತ್ತು. ಅದೇ ವಾರ ಅವರ ವಾಟ್ಸಾಪ್‌ಗೆ ಪರಿಚಿತರೊಬ್ಬರ ನಂಬರಿನಿಂದಲೇ ಒಂದು ಫೈಲ್ ಬಂತು. ಹೆಸರು 'ಬೆಳೆ ಪರಿಹಾರ ಪಟ್ಟಿ'. ಅಬ್ಬಾ ಅದನ್ನು ಒತ್ತಿದರು. ಫೋನ್ ಏನೇನೋ ಕೇಳಿತು, ಎಲ್ಲಕ್ಕೂ 'ಅಲೋ' ಒತ್ತಿದರು. ಪಟ್ಟಿ ಮಾತ್ರ ತೆರೆಯಲಿಲ್ಲ. ಮರುದಿನ ಬೆಳಗ್ಗೆ ಮೂರು ಕಂತಿನಲ್ಲಿ 38,000 ರೂಪಾಯಿ ಖಾತೆಯಿಂದ ಹೋಗಿತ್ತು.

ಇದು ನಮಗೆ ಗೊತ್ತಾದದ್ದು ಮೂರನೇ ದಿನ. ಅಲ್ಲಿಯವರೆಗೆ ಅಬ್ಬಾ ಯಾರಿಗೂ ಹೇಳಲಿಲ್ಲ. ಊಟಕ್ಕೆ ಕುಳಿತರೆ ಎದ್ದು ಹೋಗುತ್ತಿದ್ದರು. ಅಮ್ಮಿ ಪದೇ ಪದೇ ಕೇಳಿದ ಮೇಲೆ, "ಓದಿದ ಮಕ್ಕಳಿರುವ ಮನೆಯಲ್ಲಿ ನಾನು ಹೀಗೆ ಮೋಸ ಹೋದೆ ಅಂತ ಹೇಗೆ ಹೇಳಲಿ?" ಎಂದರು. ಅವರ ಜೊತೆ ನಾನೇ ಠಾಣೆಗೆ ಹೋದೆ. ದೂರು ಬರೆದುಕೊಂಡ ಸಿಬ್ಬಂದಿ ನಮ್ಮನ್ನು ಬೈಯಲಿಲ್ಲ. "ಅವತ್ತೇ ಫೋನ್ ಮಾಡಿದ್ದರೆ ತಡೆಯಬಹುದಿತ್ತೇನೋ" ಎಂದಷ್ಟೇ ಹೇಳಿದರು. ಹಣ ಬರಲಿಲ್ಲ. ನಾನು ಈ ಕೋರ್ಸ್ ಆರಿಸಿಕೊಂಡದ್ದು ಆ ಒಂದು ಮಾತಿನಿಂದ. 'ಅವತ್ತೇ' ಎಂದರೆ ಏನು? ಮೂರು ದಿನಕ್ಕೂ ಮೂರು ಗಂಟೆಗೂ ಏನು ವ್ಯತ್ಯಾಸ?

ಕಳ್ಳತನ ನಡೆದದ್ದು ಹೇಗೆ?

ಈಗ ಅದಕ್ಕೆ ಉತ್ತರ ಗೊತ್ತು. ಅಬ್ಬಾಗೆ ಬಂದದ್ದು ಪಟ್ಟಿಯಲ್ಲ, ಎಪಿಕೆ ಫೈಲ್. ಆಂಡ್ರಾಯ್ಡ್ ಫೋನಿಗೆ ಆ್ಯಪ್ ಹಾಕುವ ಕಡತ ಅದು. ಮದುವೆ ಕರೆಯೋಲೆ, ಸಂಚಾರ ದಂಡದ ಚಲನ್, ವಿದ್ಯುತ್ ಬಿಲ್ಲು, ಸರ್ಕಾರಿ ಯೋಜನೆಯ ಪಟ್ಟಿ ಎಂದು ನಾನಾ ವೇಷದಲ್ಲಿ ಬರುತ್ತದೆ. ಪಟ್ಟಿ ಅಥವಾ ಕರೆಯೋಲೆಯಾಗಿದ್ದರೆ ಅದು ಚಿತ್ರವೋ ಪಿಡಿಎಫ್ಫೋ ಆಗಿರಬೇಕು. ಹೆಸರಿನ ಕೊನೆಯಲ್ಲಿ 'ಎಪಿಕೆ' ಎಂದಿದ್ದರೆ ಅದು ಕಾಗದವಲ್ಲ, ಮನೆಯೊಳಗೆ ಬರಲು ಕೇಳುತ್ತಿರುವ ಅಪರಿಚಿತ.

ಆ ಆ್ಯಪ್ ಮೊದಲು ಕೇಳುವುದು ಎಸ್ಸೆಮ್ಮೆಸ್ ಓದುವ ಅನುಮತಿ. ಕೊಟ್ಟರೆ ಬ್ಯಾಂಕಿನಿಂದ ಬರುವ ಒಟಿಪಿ ನಿಮ್ಮ ಕಣ್ಣಿಗೆ ಬೀಳುವ ಮೊದಲೇ ಕಳ್ಳನಿಗೆ ತಲುಪುತ್ತದೆ. "ಒಟಿಪಿ ಯಾರಿಗೂ ಹೇಳಬೇಡಿ" ಎಂಬ ಎಚ್ಚರಿಕೆಯನ್ನು ಅಬ್ಬಾ ಪಾಲಿಸಿದ್ದರು. ಅವರು ಯಾರಿಗೂ ಹೇಳಿರಲಿಲ್ಲ. ಫೋನೇ ಹೇಳಿತ್ತು. ಅದೇ ಆ್ಯಪ್ ಅವರ ಸಂಪರ್ಕ ಪಟ್ಟಿಯಲ್ಲಿದ್ದವರಿಗೂ ಅದೇ ಫೈಲ್ ಕಳಿಸಬಲ್ಲದು. ಪರಿಚಿತರ ನಂಬರಿನಿಂದ ಬಂದದ್ದು ಹೀಗೆ.

ಇನ್ನು 'ಅವತ್ತೇ' ಎಂಬುದರ ಅರ್ಥ. ಕದ್ದ ಹಣ ಒಂದೇ ಕಡೆ ನಿಲ್ಲುವುದಿಲ್ಲ. ಮೊದಲ ಖಾತೆಯಿಂದ ಎರಡನೆಯದಕ್ಕೆ, ಅಲ್ಲಿಂದ ನಾಲ್ಕಾರು ಖಾತೆಗಳಿಗೆ ಹರಿದು ಕೊನೆಗೆ ಎಟಿಎಂನಿಂದ ನಗದಾಗಿ ಹೋಗುತ್ತದೆ. ಇದನ್ನು ತಡೆಯಲೆಂದೇ ಕೇಂದ್ರ ಗೃಹ ಸಚಿವಾಲಯದ ಭಾರತೀಯ ಸೈಬರ್ ಅಪರಾಧ ಸಮನ್ವಯ ಕೇಂದ್ರವು 1930 ಎಂಬ ಸಹಾಯವಾಣಿ ನಡೆಸುತ್ತದೆ. ನೀವು ಕರೆ ಮಾಡಿ ವಿವರ ಕೊಟ್ಟ ಕೂಡಲೇ ಆ ಮಾಹಿತಿ ಸಂಬಂಧಪಟ್ಟ ಬ್ಯಾಂಕಿಗೆ ಹೋಗುತ್ತದೆ. ಹಣ ಇನ್ನೂ ಅಲ್ಲಿದ್ದರೆ ಬ್ಯಾಂಕು ತಡೆಹಿಡಿಯುತ್ತದೆ. ಮುಂದಿನ ಬ್ಯಾಂಕಿಗೆ ಹೋಗಿದ್ದರೆ ದೂರೂ ಅದರ ಬೆನ್ನು ಹತ್ತುತ್ತದೆ. ಇದು ಹಣ ಮತ್ತು ದೂರಿನ ನಡುವಿನ ಓಟ. ದೂರು ಮೂರು ದಿನ ತಡವಾಗಿ ಓಡಲು ಶುರು ಮಾಡಿದರೆ ಗೆಲ್ಲುವುದು ಕಷ್ಟ.

ಮೊದಲ ಪಾಠ: ಉಪನ್ಯಾಸಗಳು

ಬೆಂಗಳೂರಿಗೆ ಹೋದ ಮೊದಲ ವರ್ಷ ಸಿಲಬಸ್‌ನಲ್ಲಿ ಇದ್ದದ್ದು ಗಣಿತ, ಭೌತಶಾಸ್ತ್ರ, ಸಿ ಭಾಷೆ. ಭದ್ರತೆಯ ಸುಳಿವೂ ಇರಲಿಲ್ಲ. ಹಿರಿಯ ವಿದ್ಯಾರ್ಥಿಯೊಬ್ಬರು "ಶನಿವಾರ ಸಭೆಗಳಿಗೆ ಹೋಗು" ಎಂದರು. ಬೆಂಗಳೂರಿನಲ್ಲಿ 'ನಲ್' ಎಂಬ ಮುಕ್ತ ಸಮುದಾಯವಿದೆ. ಭದ್ರತಾ ಕ್ಷೇತ್ರದಲ್ಲಿ ಕೆಲಸ ಮಾಡುವವರು ಸೇರಿ ತಾವು ಕಲಿತದ್ದನ್ನು ಹಂಚಿಕೊಳ್ಳುತ್ತಾರೆ. ಶುಲ್ಕವಿಲ್ಲ, ವಿದ್ಯಾರ್ಥಿಗಳೂ ಹೋಗಬಹುದು. ರಾಜ್ಯ ಸರ್ಕಾರದ ಸೈಬರ್ ಭದ್ರತಾ ಉತ್ಕೃಷ್ಟತಾ ಕೇಂದ್ರ 'ಸೈಸೆಕ್' ಕೂಡ ಇದೆ. ಭಾರತೀಯ ವಿಜ್ಞಾನ ಸಂಸ್ಥೆ ಅದರ ಆಧಾರ ಸಂಸ್ಥೆ. ಅವರೂ ಆನ್‌ಲೈನ್ ಉಪನ್ಯಾಸ ಮತ್ತು ವಿದ್ಯಾರ್ಥಿಗಳಿಗೆ ಇಂಟರ್ನ್‌ಶಿಪ್ ನಡೆಸಿದ್ದಾರೆ.

ಮೊದಲ ಸಭೆಯಲ್ಲಿ ನನಗೆ ಅರ್ಥವಾದದ್ದು ಹತ್ತು ಪದ ಇರಬಹುದು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದು ಗೊತ್ತಿರುವ ಅನುಭವವೇ. ಹಿಂದಿನ ಸಾಲಿನಲ್ಲಿ ಕುಳಿತು, ಗೊತ್ತಿಲ್ಲದ ಪದಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದುಕೊಂಡೆ: ಪೋರ್ಟ್, ಪೇಲೋಡ್, ಲಾಗ್, ಪ್ಯಾಚ್. ವಾಪಸ್ ಬರುವಾಗ ಬಸ್ಸಿನಲ್ಲಿ ಎಣಿಸಿದರೆ ನಲವತ್ತಕ್ಕೂ ಹೆಚ್ಚು. ಮುಂದಿನ ಒಂದು ತಿಂಗಳು ಅದೇ ನನ್ನ ಸಿಲಬಸ್ ಆಯಿತು.

ಒಂದೆರಡನ್ನು ನಿಮಗೂ ಹೇಳುತ್ತೇನೆ. ಒಂದು ಕಂಪ್ಯೂಟರ್ ಎಂದರೆ 65,535 ಬಾಗಿಲುಗಳ ಮನೆ ಎಂದುಕೊಳ್ಳಿ. ಪ್ರತಿ ಬಾಗಿಲಿಗೂ ಒಂದು ನಂಬರ್, ಅದೇ ಪೋರ್ಟ್. ಸುರಕ್ಷಿತ ವೆಬ್‌ಸೈಟಿನ ಸಂಚಾರ ಸಾಮಾನ್ಯವಾಗಿ 443ನೇ ಬಾಗಿಲಲ್ಲಿ. ದೂರದಿಂದ ಕಂಪ್ಯೂಟರನ್ನು ನಡೆಸುವವರು ಬರುವುದು 22ರಲ್ಲಿ. ಬೇಡದ ಬಾಗಿಲನ್ನು ಮುಚ್ಚಿಡುವ ಕಾವಲುಗಾರನೇ ಫೈರ್‌ವಾಲ್. ಯಾರು ಯಾವಾಗ ಯಾವ ಬಾಗಿಲು ತಟ್ಟಿದರು ಎಂದು ಬರೆದಿಡುವ ಪುಸ್ತಕವೇ ಲಾಗ್. ನಮ್ಮ ಹಾಲಿನ ಡೇರಿಯಲ್ಲಿ ಯಾರು ಎಷ್ಟು ಲೀಟರ್ ಹಾಕಿದರು ಎಂದು ಬರೆಯುವುದಿಲ್ಲವೇ, ಹಾಗೆ. ಕಳ್ಳ ಒಳಗೆ ಬಂದರೆ ಮೊದಲು ಹರಿದು ಹಾಕಲು ನೋಡುವುದು ಈ ಪುಸ್ತಕವನ್ನೇ.

ಉಪನ್ಯಾಸಗಳಲ್ಲಿ ನನ್ನನ್ನು ಬೆರಗುಗೊಳಿಸಿದ ಸಂಗತಿ ತಂತ್ರಜ್ಞಾನವಲ್ಲ. ಹತ್ತಾರು ವರ್ಷ ಅನುಭವ ಇದ್ದವರು ವೇದಿಕೆ ಹತ್ತಿ, "ಈ ತಪ್ಪು ನಾನು ಮಾಡಿದೆ, ನೀವು ಮಾಡಬೇಡಿ" ಎಂದು ಸ್ಲೈಡ್ ಹಾಕಿ ತೋರಿಸುತ್ತಿದ್ದರು. ಯಾರೂ ನಗುತ್ತಿರಲಿಲ್ಲ, ಬರೆದುಕೊಳ್ಳುತ್ತಿದ್ದರು. ಶಾಲೆಯಲ್ಲಿ ತಪ್ಪು ಉತ್ತರ ಹೇಳಿದರೆ ತಲೆ ತಗ್ಗಿಸುತ್ತಿದ್ದ ನನಗೆ ಇದು ಹೊಸದು.

ಎರಡನೇ ಪಾಠ: ಬಾವುಟ ಹಿಡಿಯುವ ಸ್ಪರ್ಧೆ

ಕೇಳಿದ್ದನ್ನು ಕೈಯಿಂದ ಮಾಡಿ ನೋಡುವ ಜಾಗ ಸಿಟಿಎಫ್, ಅಂದರೆ 'ಕ್ಯಾಪ್ಚರ್ ದಿ ಫ್ಲ್ಯಾಗ್' ಸ್ಪರ್ಧೆ. ಸಂಘಟಕರು ಬೇಕೆಂದೇ ಲೋಪವಿರುವ ಪ್ರೋಗ್ರಾಂ, ವೆಬ್‌ಸೈಟ್ ಅಥವಾ ಕಡತ ಸಿದ್ಧಪಡಿಸಿ ಅದರೊಳಗೆ ಒಂದು ಸಾಲಿನ ಗುಪ್ತ ಪಠ್ಯ ಇಟ್ಟಿರುತ್ತಾರೆ. ಅದೇ ಬಾವುಟ. ಹುಡುಕಿ ಕೊಟ್ಟವರಿಗೆ ಅಂಕ. ಅಮೆರಿಕದ ಲಾಸ್ ವೇಗಸ್‌ನಲ್ಲಿ ನಡೆಯುವ ಡೆಫ್‌ಕಾನ್ ಸಮ್ಮೇಳನದಲ್ಲಿ 1996ರಲ್ಲಿ ಶುರುವಾದ ಈ ಆಟ ಈಗ ಜಗತ್ತಿನ ಎಲ್ಲೆಡೆ ಇದೆ. ನಮ್ಮ ನೆರೆಯ ಕೇರಳದ ಅಮೃತಪುರಿಯ ವಿದ್ಯಾರ್ಥಿಗಳ 'ಬಯೋಸ್' ತಂಡ ಈ ಆಟದಲ್ಲಿ ದೇಶದಲ್ಲೇ ಹೆಸರು ಮಾಡಿದೆ. ಅಮೃತ ವಿಶ್ವವಿದ್ಯಾಪೀಠ 2010ರಿಂದ 'ಇನ್‌ಸಿಟಿಎಫ್' ನಡೆಸಿಕೊಂಡು ಬಂದಿದೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ 2013ರಲ್ಲಿ ಆರಂಭಿಸಿದ 'ಪಿಕೋಸಿಟಿಎಫ್' ಹೈಸ್ಕೂಲು ಮತ್ತು ಪಿಯುಸಿ ವಯಸ್ಸಿನವರಿಗೆಂದೇ ಮಾಡಿದ್ದು. ಅದರ ಹಳೆಯ ಪ್ರಶ್ನೆಗಳು ಅಭ್ಯಾಸಕ್ಕೆ ಉಚಿತವಾಗಿ ಸಿಗುತ್ತವೆ.

ಪ್ರಶ್ನೆಗಳು ಹೇಗಿರುತ್ತವೆ? ಮೂರು ಬಗೆ ನೋಡೋಣ.

ಮೊದಲನೆಯದು ಗುಪ್ತಲಿಪಿ. ನಮ್ಮ ವರ್ಣಮಾಲೆಯನ್ನೇ ತೆಗೆದುಕೊಳ್ಳಿ. ಸ್ವರಚಿಹ್ನೆಗಳನ್ನು ಹಾಗೆಯೇ ಬಿಟ್ಟು, ಪ್ರತಿ ವ್ಯಂಜನದ ಬದಲು ಅದರ ಮುಂದಿನ ವ್ಯಂಜನ ಬರೆಯಿರಿ. ಕ ಇದ್ದಲ್ಲಿ ಖ, ಲ ಇದ್ದಲ್ಲಿ ವ, ರ ಇದ್ದಲ್ಲಿ ಲ. ಕೊನೆಯ ಳ ಬಂದರೆ ಮತ್ತೆ ಮೊದಲಿನ ಕ. ಆಗ 'ಕೋಲಾರ' ಎಂಬುದು 'ಖೋವಾಲ' ಆಗುತ್ತದೆ. ಒಂದು ಹೆಜ್ಜೆ ಸರಿಸಿದ್ದರಿಂದ ಕೀಲಿ 1. ಕೀಲಿ ಗೊತ್ತಿಲ್ಲದಿದ್ದರೆ? 9ನೇ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ವಿದ್ವಾಂಸ ಅಲ್ ಕಿಂದಿ ಇದಕ್ಕೆ ದಾರಿ ತೋರಿಸಿದರು. ಯಾವುದೇ ಭಾಷೆಯಲ್ಲಿ ಕೆಲವು ಅಕ್ಷರಗಳು ಹೆಚ್ಚು ಬರುತ್ತವೆ, ಕೆಲವು ಅಪರೂಪ. ಗುಪ್ತ ಪಠ್ಯದಲ್ಲಿ ಯಾವ ಅಕ್ಷರ ಹೆಚ್ಚು ಸಲ ಬಂದಿದೆ ಎಂದು ಎಣಿಸಿದರೆ ಮೂಲ ಅಕ್ಷರ ಯಾವುದಿರಬಹುದು ಎಂದು ಊಹಿಸಬಹುದು. ಕನ್ನಡ ಪತ್ರಿಕೆಯ ಒಂದು ಪುಟ ತೆಗೆದು ರ, ದ, ನ, ಗ ಎಷ್ಟು ಸಲ ಬಂದಿವೆ, ಘ, ಝ, ಠ ಎಷ್ಟು ಸಲ ಬಂದಿವೆ ಎಣಿಸಿ ನೋಡಿ. ಸಾವಿರಕ್ಕೂ ಹೆಚ್ಚು ವರ್ಷ ಹಳೆಯ ಈ ಉಪಾಯ ಇಂದಿಗೂ ಸ್ಪರ್ಧೆಯ ಮೊದಲ ಸುತ್ತಿನಲ್ಲಿ ಕೆಲಸಕ್ಕೆ ಬರುತ್ತದೆ.

ಎರಡನೆಯದು ವೆಬ್. ಲಾಗಿನ್ ಪೆಟ್ಟಿಗೆಯಲ್ಲಿ ನಾವು ಬರೆದದ್ದನ್ನು ವೆಬ್‌ಸೈಟ್ ಡೇಟಾಬೇಸಿಗೆ ಪ್ರಶ್ನೆಯಾಗಿ ಕಳಿಸುತ್ತದೆ: "ಈ ಹೆಸರು, ಈ ಪಾಸ್‌ವರ್ಡ್ ಇರುವವರು ಇದ್ದಾರೆಯೇ?" ಪಾಸ್‌ವರ್ಡ್ ಜಾಗದಲ್ಲಿ ಒಬ್ಬ ಚತುರ ಪ್ರಶ್ನೆಯ ತುಣುಕನ್ನೇ ಬರೆದರೆ, "ಪಾಸ್‌ವರ್ಡ್ ಸರಿ ಇದೆಯೇ, ಅಥವಾ ಒಂದು ಒಂದಕ್ಕೆ ಸಮವೇ?" ಎಂದಾಗುತ್ತದೆ. ಒಂದು ಯಾವಾಗಲೂ ಒಂದಕ್ಕೆ ಸಮ. ಬಾಗಿಲು ತೆರೆಯುತ್ತದೆ. ಇದು ಎಸ್‌ಕ್ಯುಎಲ್ ಇಂಜೆಕ್ಷನ್. ಪರಿಹಾರವೂ ಸರಳ: ಬಳಕೆದಾರ ಬರೆದದ್ದನ್ನು ಕೇವಲ ಮಾಹಿತಿಯೆಂದು ನೋಡಬೇಕು, ಆಜ್ಞೆಯೆಂದು ಓದಬಾರದು.

ಮೂರನೆಯದು ಫೊರೆನ್ಸಿಕ್ಸ್, ಅಂದರೆ ಕುರುಹು ಹುಡುಕುವುದು. ಒಮ್ಮೆ ನಮಗೆ ಒಂದು ಕೆರೆಯ ಫೋಟೊ ಕೊಟ್ಟು "ಇದು ಎಲ್ಲಿಯದು?" ಎಂದು ಕೇಳಿದ್ದರು. ಚಿತ್ರದಲ್ಲಿ ಬೋರ್ಡಿಲ್ಲ, ಮನುಷ್ಯರಿಲ್ಲ. ಉತ್ತರ ಚಿತ್ರದೊಳಗೆ ಅಡಗಿತ್ತು. ಫೋನ್ ಕ್ಯಾಮೆರಾ ತೆಗೆದ ಫೋಟೊದ ಕಡತದಲ್ಲಿ ದಿನಾಂಕ, ಫೋನಿನ ಮಾದರಿ, ಲೊಕೇಶನ್ ಆನ್ ಇದ್ದರೆ ಅಕ್ಷಾಂಶ ರೇಖಾಂಶ ಕೂಡ ಉಳಿಯುತ್ತವೆ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಇವು ಅಳಿಸಿ ಹೋಗುತ್ತವೆ. 'ಡಾಕ್ಯುಮೆಂಟ್' ಆಗಿ ಕಳಿಸಿದರೆ ಉಳಿಯುತ್ತವೆ. ಮನೆಯಲ್ಲಿ ತೆಗೆದ ಫೋಟೊ ಅಪರಿಚಿತರಿಗೆ ಕಳಿಸುವ ಮೊದಲು ಇದನ್ನು ನೆನಪಿಡಿ.

ನಮ್ಮ ನಾಲ್ವರ ತಂಡ ಮೊದಲ ಸ್ಪರ್ಧೆಯಲ್ಲಿ ಕೊನೆಯಿಂದ ಎರಡನೇ ಸ್ಥಾನ ಪಡೆಯಿತು. ಒಂದೇ ಒಂದು ಬಾವುಟ ಸಿಕ್ಕಿತ್ತು. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ, ಅಷ್ಟು ಖುಷಿ.

ಗೆರೆ ದಾಟಬಾರದು

ಇಲ್ಲಿ ಒಂದು ಎಚ್ಚರಿಕೆ. ಸ್ಪರ್ಧೆಯಲ್ಲಿ ಮಾಡಿದ್ದನ್ನೇ ಅನುಮತಿಯಿಲ್ಲದೆ ಬೇರೆಯವರ ಕಂಪ್ಯೂಟರ್, ವೈಫೈ ಅಥವಾ ಅಕೌಂಟಿನ ಮೇಲೆ ಮಾಡಿದರೆ ಅದು ಅಪರಾಧ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಸೆಕ್ಷನ್‌ಗಳ ಪ್ರಕಾರ ಮೂರು ವರ್ಷದವರೆಗೆ ಜೈಲು ಅಥವಾ ಐದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. "ತಮಾಷೆಗೆ ಮಾಡಿದೆ" ಎಂಬುದು ನೆಪವಾಗುವುದಿಲ್ಲ. 2001ರಲ್ಲೇ ದೇಶದ ಮೊದಲ ಸೈಬರ್ ಅಪರಾಧ ಠಾಣೆ ಶುರುವಾದದ್ದು ಬೆಂಗಳೂರಿನಲ್ಲಿ. ಈಗ ಜಿಲ್ಲೆಗಳಲ್ಲಿ ಸಿಇಎನ್ ಠಾಣೆಗಳಿವೆ, ನಮ್ಮ ಕೋಲಾರದಲ್ಲೂ ಇದೆ. ಹಾಗಾಗಿ ಮೇಲಿನ ಇನ್‌ಸ್ಟಾಗ್ರಾಂ ಪ್ರಶ್ನೆಗೆ ಉತ್ತರ: ಇಲ್ಲ. ಬೀಗ ರಿಪೇರಿ ಕಲಿತವನು ಊರಿನವರ ಬೀಗ ತೆರೆಯುತ್ತಾ ತಿರುಗುವುದಿಲ್ಲ.

ಮೂರನೇ ಪಾಠ: ರಕ್ಷಣಾ ಅಭ್ಯಾಸ

ಸ್ಪರ್ಧೆಯಲ್ಲಿ ದಾಳಿ ಮಾಡುವುದು ಕಲಿತೆವು. ಆದರೆ ನಿಜವಾದ ಕೆಲಸದಲ್ಲಿ ಹೆಚ್ಚಿನವರು ಮಾಡುವುದು ಕಾವಲು. ಅದಕ್ಕೆ ಬೇರೆಯೇ ಅಭ್ಯಾಸವಿದೆ. ದಾಳಿ ಮಾಡುವವರು ಕೆಂಪು ತಂಡ, ಕಾಯುವವರು ನೀಲಿ ತಂಡ, ನಿಯಮ ನೋಡಿಕೊಂಡು ಅಂಕ ಕೊಡುವವರು ಬಿಳಿ ತಂಡ.

ಇದು ದೇಶಗಳ ಮಟ್ಟದಲ್ಲೂ ನಡೆಯುತ್ತದೆ. 2007ರಲ್ಲಿ ಎಸ್ಟೋನಿಯಾ ಎಂಬ ಪುಟ್ಟ ದೇಶದ ಬ್ಯಾಂಕು, ಪತ್ರಿಕೆ ಮತ್ತು ಸರ್ಕಾರದ ವೆಬ್‌ಸೈಟುಗಳ ಮೇಲೆ ಭಾರಿ ದಾಳಿ ನಡೆಯಿತು. ಅದೇ ದೇಶದ ರಾಜಧಾನಿ ಟ್ಯಾಲಿನ್‌ನಲ್ಲಿರುವ ನ್ಯಾಟೊ ಸೈಬರ್ ರಕ್ಷಣಾ ಕೇಂದ್ರ 2010ರಿಂದ 'ಲಾಕ್ಡ್ ಶೀಲ್ಡ್ಸ್' ಎಂಬ ಅಭ್ಯಾಸ ನಡೆಸುತ್ತಿದೆ. ಬೆರೀಲಿಯಾ ಎಂಬ ಕಾಲ್ಪನಿಕ ದೇಶವನ್ನು ನೀಲಿ ತಂಡಗಳು ಕಾಪಾಡಬೇಕು. ನಮ್ಮ ದೇಶದಲ್ಲೂ ರಾಷ್ಟ್ರೀಯ ಭದ್ರತಾ ಮಂಡಳಿ ಸಚಿವಾಲಯ 2022ರಿಂದ ರಾಷ್ಟ್ರೀಯ ಸೈಬರ್ ಅಭ್ಯಾಸ ನಡೆಸುತ್ತಿದೆ. ಈಗ ಅದನ್ನು 'ಭಾರತ್ ಎನ್‌ಸಿಎಕ್ಸ್' ಎನ್ನುತ್ತಾರೆ.

ನಮ್ಮದು ಲ್ಯಾಬಿನಲ್ಲಿ ನಡೆದ ಆರು ಗಂಟೆಯ ಸಣ್ಣ ಅಭ್ಯಾಸ. ನಮಗೆ ಕೊಟ್ಟದ್ದು ಒಂದು ಕಾಲ್ಪನಿಕ ಆಸ್ಪತ್ರೆ: ಒಂದು ವೆಬ್‌ಸೈಟ್, ರೋಗಿಗಳ ಅಪಾಯಿಂಟ್‌ಮೆಂಟ್ ಇರುವ ಡೇಟಾಬೇಸ್, ಒಂದು ಇಮೇಲ್ ಸರ್ವರ್. ಬಿಳಿ ತಂಡದ ಕಂಪ್ಯೂಟರ್ ಎರಡು ನಿಮಿಷಕ್ಕೊಮ್ಮೆ ರೋಗಿಯಂತೆ ಬಂದು ಅಪಾಯಿಂಟ್‌ಮೆಂಟ್ ಕೇಳುತ್ತದೆ. ಸಿಕ್ಕರೆ ಅಂಕ, ಸಿಗದಿದ್ದರೆ ಅಂಕ ಹೋಯಿತು. ಎಲ್ಲ ಬಾಗಿಲು ಮುಚ್ಚಿ ಕುಳಿತರೆ ಕಳ್ಳನೂ ಬರುವುದಿಲ್ಲ, ರೋಗಿಯೂ ಬರುವುದಿಲ್ಲ. ಇದೇ ಈ ಅಭ್ಯಾಸದ ಕಷ್ಟ.

ಫೈರ್‌ವಾಲ್ ನನ್ನ ಜವಾಬ್ದಾರಿ. ಎರಡನೇ ಗಂಟೆಯಲ್ಲಿ ಅನುಮಾನದ ಸಂಚಾರ ಕಂಡು ಅವಸರದಲ್ಲಿ ಒಂದು ನಿಯಮ ಬರೆದೆ. ಸ್ವಲ್ಪ ಹೊತ್ತಿನಲ್ಲಿ ಅಪಾಯಿಂಟ್‌ಮೆಂಟ್ ನಿಂತುಹೋಯಿತು. ತಂಡದ ನಾಯಕಿ "ದಾಳಿ ಶುರುವಾಗಿದೆ" ಎಂದರು. ಇಬ್ಬರು ಡೇಟಾಬೇಸಿನ ಲಾಗ್ ಹುಡುಕಲು ಹೋದರು. ನನಗೆ ಒಳಗೊಳಗೇ ಅನುಮಾನ: ನಾನು ಬರೆದ ನಿಯಮವೇ ವೆಬ್‌ಸೈಟು ಮತ್ತು ಡೇಟಾಬೇಸಿನ ನಡುವಿನ ಬಾಗಿಲು ಮುಚ್ಚಿರಬಹುದೇ? ಬಾಯಿ ಬಿಡಲಿಲ್ಲ. ಸದ್ದಿಲ್ಲದೆ ನಾನೇ ಸರಿಪಡಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡೆ. ಸರಿಪಡಿಸಲು ಇಪ್ಪತ್ತೈದು ನಿಮಿಷ ಹಿಡಿಯಿತು. ಅಷ್ಟರಲ್ಲಿ ಎಲ್ಲರೂ ಇಲ್ಲದ ದಾಳಿಯ ಹಿಂದೆ ಓಡುತ್ತಿದ್ದರು. ನಿಜವಾದ ಕೆಂಪು ತಂಡ ಇಮೇಲ್ ಸರ್ವರಿನಲ್ಲಿ ನಾವು ಬದಲಿಸಲು ಮರೆತಿದ್ದ ಹಳೆಯ ಪಾಸ್‌ವರ್ಡ್ ಬಳಸಿ ಆರಾಮವಾಗಿ ಒಳಗೆ ಬಂದಿತ್ತು. ನಾವು ಸೋತೆವು.

ಅಭ್ಯಾಸದ ಕೊನೆಗೆ ಮರುನೋಟ ಇರುತ್ತದೆ. ನಿಮಿಷ ನಿಮಿಷವಾಗಿ ಏನಾಯಿತೆಂದು ಹೇಳಬೇಕು. ಯಾರ ತಪ್ಪು ಎಂದು ಬೆರಳು ತೋರಿಸುವಂತಿಲ್ಲ. ನನ್ನ ಸರದಿ ಬಂದಾಗ ಎಲ್ಲ ಹೇಳಿದೆ, ಕಿವಿ ಬಿಸಿಯಾಗಿತ್ತು. ಪ್ರಾಧ್ಯಾಪಕರು ಕೇಳಿದ್ದು ಒಂದೇ ಪ್ರಶ್ನೆ: "ತಪ್ಪು ಎಷ್ಟು ಗಂಟೆಗೆ ಆಯಿತು ಅಂತ ಲಾಗ್‌ನಲ್ಲಿದೆ. ಎಷ್ಟು ಗಂಟೆಗೆ ತಂಡಕ್ಕೆ ಹೇಳಿದಿರಿ?"

ನಾನು ಹೇಳಿರಲೇ ಇಲ್ಲ. ಆ ಕ್ಷಣ ನನಗೆ ನೆನಪಾದದ್ದು ಊಟದ ಮುಂದಿನಿಂದ ಎದ್ದು ಹೋಗುತ್ತಿದ್ದ ಅಬ್ಬಾ. ಅವರ ಮೂರು ದಿನ ಮತ್ತು ನನ್ನ ಇಪ್ಪತ್ತೈದು ನಿಮಿಷ ಒಂದೇ ಆಗಿದ್ದವು. ಅವರ ಮೇಲೆ ಇದ್ದ ಸಣ್ಣ ಕೋಪ ಅಂದೇ ಹೋಯಿತು.

ದೊಡ್ಡ ಸಂಸ್ಥೆಗಳೂ ಹೊರತಲ್ಲ

ಇದು ನಮ್ಮಿಬ್ಬರ ಕಥೆ ಮಾತ್ರವಲ್ಲ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳು ಸೈಬರ್ ದಾಳಿಯಿಂದ ನಿಂತು, ಸಿಬ್ಬಂದಿ ದಿನಗಟ್ಟಲೆ ಕಾಗದ ಪೆನ್ನು ಹಿಡಿದು ಕೆಲಸ ಮಾಡಿದರು. 2025ರ ಆರಂಭದಲ್ಲಿ ನಮ್ಮ ರಾಜ್ಯದ ಆಸ್ತಿ ನೋಂದಣಿಯ 'ಕಾವೇರಿ 2.0' ತಂತ್ರಾಂಶಕ್ಕೆ ಸ್ವಯಂಚಾಲಿತವಾಗಿ ಸುಳ್ಳು ಕೋರಿಕೆಗಳ ಪ್ರವಾಹವೇ ಹರಿದು ಬಂದು ನೋಂದಣಿ ಕೆಲಸ ಕುಂಟಿತು. ಬಾಗಿಲು ಒಡೆಯದೆಯೇ, ಬಾಗಿಲ ಮುಂದೆ ಸುಳ್ಳು ಜನರ ನೂಕುನುಗ್ಗಲು ಮಾಡಿ ನಿಜವಾದ ಜನ ಒಳಗೆ ಹೋಗದಂತೆ ತಡೆಯುವ ಈ ಬಗೆಯ ದಾಳಿಗೆ ಡಿಡಾಸ್ ಎಂದು ಹೆಸರು.

ದಾಳಿಯಾದರೆ ಹೆಸರು ಕೆಡುತ್ತದೆಂದು ಸಂಸ್ಥೆಗಳೂ ಮುಚ್ಚಿಡಲು ನೋಡುತ್ತವೆ. ಅದಕ್ಕೇ ದೇಶದ ಸೈಬರ್ ತುರ್ತು ಸ್ಪಂದನಾ ಸಂಸ್ಥೆ ಸರ್ಟ್‌ಇನ್ 2022ರ ಏಪ್ರಿಲ್ 28ರಂದು ನಿರ್ದೇಶನ ಹೊರಡಿಸಿ, ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ತಿಳಿಸಬೇಕು ಎಂದಿತು. ಕಾರಣ ಸರಳ. ಒಬ್ಬರ ಮನೆಗೆ ಬಂದ ಕಳ್ಳನ ಗುರುತು ಬೇಗ ಸಿಕ್ಕರೆ ಪಕ್ಕದ ಮನೆಯವರು ಬಾಗಿಲು ಹಾಕಿಕೊಳ್ಳಬಹುದು.

ಡೇರಿಯ ಮುಂದೆ ನನ್ನ ಮೊದಲ ಉಪನ್ಯಾಸ

ಕಳೆದ ರಜೆಯಲ್ಲಿ ಒಂದು ಬೆಳಗ್ಗೆ ಊರಿನ ಹಾಲಿನ ಡೇರಿಯ ಮುಂದೆ ಹತ್ತು ನಿಮಿಷ ಮಾತಾಡಿದೆ. ಕೇಳಿದವರು ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದ ಹದಿನೈದು ಇಪ್ಪತ್ತು ಜನ. ಕನ್ನಡ, ತೆಲುಗು, ನಮ್ಮ ಮನೆಯ ಉರ್ದು ಮೂರೂ ಬೆರೆಸಿ ಹೇಳಿದೆ: ಎಪಿಕೆ ಒತ್ತಬೇಡಿ, ಒಟಿಪಿ ಯಾರಿಗೂ ಹೇಳಬೇಡಿ, ವಿಡಿಯೋ ಕರೆಯಲ್ಲಿ ಪೊಲೀಸ್ ಬಟ್ಟೆ ಹಾಕಿಕೊಂಡು 'ಡಿಜಿಟಲ್ ಅರೆಸ್ಟ್' ಎಂದರೆ ನಂಬಬೇಡಿ, ಅಂಥ ಬಂಧನ ಕಾನೂನಿನಲ್ಲೇ ಇಲ್ಲ.

ಮುಗಿದ ಮೇಲೆ ಒಬ್ಬ ಅಜ್ಜಿ ಕೇಳಿದರು: "ಎಲ್ಲರೂ ಹೇಳಬೇಡ, ಹೇಳಬೇಡ ಅಂತೀರಿ. ದುಡ್ಡು ಹೋದ ಮೇಲೆ ಯಾರಿಗೆ ಹೇಳೋದು?"

ನಾನು ಸುಮ್ಮನಾದೆ. ಅಜ್ಜಿಯ ಮಾತು ಸರಿ. ನಮ್ಮ ಜಾಗೃತಿಯೆಲ್ಲ 'ಬೇಡ'ಗಳಲ್ಲೇ ಮುಗಿಯುತ್ತದೆ. 'ಒತ್ತಬೇಡ' ಎಂದ ಮೇಲೆ ಒತ್ತಿದವರು ತಪ್ಪಿತಸ್ಥರಂತೆ ಬಾಯಿ ಮುಚ್ಚಿಕೊಳ್ಳುತ್ತಾರೆ. ಅಬ್ಬಾ ಮಾಡಿದ್ದೂ ಅದನ್ನೇ. ಆಮೇಲೆ ಡೇರಿಯ ಗೋಡೆಗೆ ಒಂದು ಕಾಗದ ಅಂಟಿಸಿದೆವು. ಅದರಲ್ಲಿ 'ಬೇಡ' ಎಂಬ ಪದವೇ ಇಲ್ಲ:

ದುಡ್ಡು ಹೋಯಿತೇ? ಕೂಡಲೇ 1930ಕ್ಕೆ ಫೋನ್ ಮಾಡಿ. ಬ್ಯಾಂಕಿಗೆ ತಿಳಿಸಿ. ಫೋನಿನ ಇಂಟರ್ನೆಟ್ ಆಫ್ ಮಾಡಿ. ಮನೆಯವರಿಗೆ ಹೇಳಿ, ಅವರು ಬೈಯುವುದಿಲ್ಲ.

ಕೊನೆಯ ಸಾಲನ್ನು ಬರೆಸಿದವರು ಅಬ್ಬಾ.

ನೀವು ಎಲ್ಲಿಂದ ಶುರು ಮಾಡಬಹುದು?

ಲ್ಯಾಪ್‌ಟಾಪ್ ಇಲ್ಲ ಎಂಬ ಚಿಂತೆ ಬೇಡ. ನಾನು ಶುರು ಮಾಡಿದ್ದು ಕಾಲೇಜಿನ ಲ್ಯಾಬ್ ಮತ್ತು ಫೋನಿನಲ್ಲಿ. 'ಓವರ್ ದ ವೈರ್' ಎಂಬಲ್ಲಿ 'ಬ್ಯಾಂಡಿಟ್' ಎಂಬ ಉಚಿತ ಆಟವಿದೆ. ಲಿನಕ್ಸ್ ಆಜ್ಞೆಗಳನ್ನು ಬಳಸಿ ಒಂದು ಹಂತದಲ್ಲಿ ಸಿಕ್ಕ ಪಾಸ್‌ವರ್ಡಿನಿಂದ ಮುಂದಿನ ಹಂತಕ್ಕೆ ಹೋಗಬೇಕು. ಆರಂಭದಲ್ಲೇ ಒಂದು ಕಡತದ ಹೆಸರು ಬರೀ ಹೈಫನ್. ಅದನ್ನು ತೆರೆಯಲು ನಾನು ಒಂದು ಸಂಜೆ ಪೂರ್ತಿ ಕಳೆದೆ. ನೀವೂ ಕಳೆಯಿರಿ, ಉತ್ತರ ಹುಡುಕಿ ನೋಡಬೇಡಿ. ಆಮೇಲೆ ಪಿಕೋಸಿಟಿಎಫ್‌ನ ಸುಲಭ ಪ್ರಶ್ನೆಗಳಿಗೆ ಬನ್ನಿ. ಮೂರು ನಾಲ್ಕು ಜನ ಸೇರಿ ತಂಡ ಕಟ್ಟಿ, ಪ್ರತಿ ಪ್ರಶ್ನೆಯ ನಂತರ ಹೇಗೆ ಬಿಡಿಸಿದೆವು, ಎಲ್ಲಿ ತಪ್ಪಿದೆವು ಎಂದು ಕನ್ನಡದಲ್ಲೇ ಬರೆದಿಡಿ.

ವಿಜ್ಞಾನ ವಿಭಾಗದವರಿಗೆ ಮಾತ್ರ ಈ ದಾರಿ ಎಂದೂ ತಿಳಿಯಬೇಡಿ. ವಾಣಿಜ್ಯ ಓದಿದವರು ಹಣದ ಜಾಡು ಹಿಡಿಯಬಲ್ಲರು. ಕಲಾ ವಿಭಾಗದವರು ಕಾನೂನು ಓದಿ ಈ ಪ್ರಕರಣಗಳನ್ನು ನ್ಯಾಯಾಲಯದಲ್ಲಿ ವಾದಿಸಬಲ್ಲರು. ಹಳ್ಳಿಯ ಭಾಷೆಯಲ್ಲಿ ಜನರಿಗೆ ವಿವರಿಸಬಲ್ಲವರ ಕೊರತೆಯಂತೂ ಎಲ್ಲ ಕಡೆ ಇದೆ.

ಇವತ್ತು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಅಪ್ಪ ಅಮ್ಮನ ಫೋನಿನಲ್ಲಿ 1930 ನಂಬರನ್ನು ಸೇವ್ ಮಾಡಿ. ಯಾವ ಆ್ಯಪ್‌ಗಳಿಗೆ ಎಸ್ಸೆಮ್ಮೆಸ್ ಓದುವ ಅನುಮತಿ ಇದೆ ಎಂದು ಸೆಟ್ಟಿಂಗ್ಸ್‌ನಲ್ಲಿ ನೋಡಿ, ಗುರುತಿಲ್ಲದ್ದನ್ನು ತೆಗೆಯಿರಿ. ಏನಾದರೂ ಆದರೆ ಮೊದಲು ನಮಗೆ ಹೇಳಿ, ನಾವು ಸಿಟ್ಟಾಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಿ. ಇದಕ್ಕಿಂತ ಒಳ್ಳೆಯ ಫೈರ್‌ವಾಲ್ ನಾನು ಇನ್ನೂ ಕಂಡಿಲ್ಲ.

ಕೊನೆಗೆ ನಿಮಗೊಂದು ಬಾವುಟ. ಮೇಲೆ ಹೇಳಿದ ಕನ್ನಡ ಗುಪ್ತಲಿಪಿ, ಕೀಲಿ 1:

ಯೊಧವು ಥಿಕಿಹು

ಬಿಡಿಸಿದವರು ಸಂಪಾದಕ ಮಂಡಳಿಗೆ ಚೀಟಿ ಬರೆದು ಕೊಡಿ. ಬಹುಮಾನವಿಲ್ಲ. ಆದರೆ ಆ ಎರಡು ಪದ ನೆನಪಿದ್ದರೆ, ಇಡೀ ಲೇಖನ ಮರೆತರೂ ಚಿಂತೆಯಿಲ್ಲ.